ಬುಡದಲ್ಲಿ ಒಂದು ಇಂಚು

ಗುಂಡ್ಲುಪೇಟೆ
ಮಂಗಳವಾರ, 10-9-2024

ತೇಜಸ್ವಿನಿ,

ಇವತ್ತು ಅಂಗಡಿಗೆ ರಜೆ, ಅದಕ್ಕೇ ಬರೆಯಲು ಕೂತಿದ್ದೇನೆ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕತ್ತರಿ ಹಿಡಿದವನು ನಾನು. ಅಕ್ಷರದಲ್ಲಿ ತಪ್ಪು ಹುಡುಕಬೇಡ. "ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನಗೆ ಮಾತೇ ಹೊರಡುವುದಿಲ್ಲ ಮಾವ, ಏನಿದ್ದರೂ ಬರೆದು ಹಾಕಿ" ಅಂತ ನೀನೇ ಮೆಸೇಜು ಮಾಡಿದ್ದೀಯ. ನಿನ್ನ ಅತ್ತೆ ಓದಿ ಹೇಳಿದಳು. ದೊಡ್ಡ ಕಲೆಕ್ಟರಮ್ಮನಿಗೆ ಅರ್ಜಿ ಕೊಡುವ ಹಾಗೆ ಬರೆಯಬೇಕಾಗಿ ಬಂತಲ್ಲ ನನ್ನ ಹಣೆಬರಹ.

ನಿನ್ನೆ ಸಂತೆಮರಹಳ್ಳಿಯಿಂದ ನಿನ್ನ ಅತ್ತೆಯ ಅಕ್ಕ ಕರಿಬಸಮ್ಮ ಬಂದಿದ್ದಳು. ಕಾಫಿ ಲೋಟ ಕೈಗೆ ತಗೊಳ್ಳುವ ಮೊದಲೇ ಶುರು ಮಾಡಿದಳು. "ಅಲ್ಲ ಕಣ್ ಶಿವಮಲ್ಲು, ನಿನ್ ತಂಗಿ ಮಗಳ್ನ ಬಸ್ಸಲ್ಲಿ ನೋಡ್ದೆ. ವೇಲು ಜಾರ್ತು. ಕಿವಿ ಮ್ಯಾಲ್ಗಡೆ ರೂಪಾಯಿ ಅಗಲ ಬೋಳು ಕಣಪ್ಪ. ಊರೋರ್ ತಲೆಯೆಲ್ಲ ನೋಡ್ತೀಯ, ಮನೆ ಮಗೀನ ತಲೆ ನೋಡಕ್ಕಾಗ್ಲಿಲ್ವಾ ನಿಂಗೆ?" ಅಂದಳು. ಅಂಗಡಿಯ ಹುಡುಗರ ಮುಂದೆಯೇ ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಅದು ಹುಳ ತಿಂದದ್ದು. ಕೂದಲಿನ ಬುಡಕ್ಕೆ ಹುಳ ಬೀಳುತ್ತದೆ, ಚಂದ್ರನ ಹಾಗೆ ದುಂಡಗೆ ತಿನ್ನುತ್ತಾ ಹೋಗುತ್ತದೆ. ನಮ್ಮಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ಅದಕ್ಕೆ ಮದ್ದಿದೆ. ಒಂದು ದಿನ ಇಲ್ಲಿಗೆ ಬಾ. ಪೂರ್ತಿ ಬೋಳಿಸಿ ಮದ್ದು ತಿಕ್ಕುತ್ತೇನೆ. ಮೂರು ತಿಂಗಳಿಗೆ ಮೊದಲಿಗಿಂತ ದಟ್ಟವಾಗಿ ಬರದಿದ್ದರೆ ನನ್ನ ಹೆಸರು ಬದಲಾಯಿಸು. ಡಾಕ್ಟರ ಹತ್ತಿರ ಹೋಗಬೇಡ. ಕೂದಲಿನ ವಿಷಯ ಡಾಕ್ಟರಿಗೇನು ಗೊತ್ತು? ಅವರ ಕೂದಲು ಜಾಸ್ತಿಯಾದರೆ ಅವರೂ ನಮ್ಮ ಕುರ್ಚಿಗೇ ಬಂದು ತಲೆ ಬಗ್ಗಿಸಬೇಕು.

ಜೂನ್ ತಿಂಗಳಲ್ಲಿ ನಿನ್ನ ಲ್ಯಾಬಿಗೆ ಬಂದಾಗ ನಾನು ಎರಡು ಮಾತು ಜೋರಾಗಿ ಆಡಿದ್ದು ನಿಜ. ನನ್ನ ಬಾಯೇ ಹಾಗೆ. ನಿಮ್ಮವ್ವ ನಾಗಮಣಿ ಸತ್ತ ಮೇಲೆ ಹದಿನಾಲ್ಕು ವರ್ಷ ನನ್ನ ಮನೆಯಲ್ಲೇ ಬೆಳೆದವಳಿಗೆ ಇದೇನು ಹೊಸದೇ? ಅದಕ್ಕೆ ಮೂರು ತಿಂಗಳು ಫೋನು ಎತ್ತದೆ ಇರುವುದೇ? ಆದದ್ದು ಆಯಿತು. ದೊಡ್ಡದು ಮಾಡಬೇಡ.

ಯಾವತ್ತು ಬರುತ್ತೀಯ ಬರೆ.

ಶಿವಮಲ್ಲು


ಚಾಮರಾಜನಗರ
19-9-2024

ಮಾವ, ನಮಸ್ಕಾರ.

ಕಾಗದ ಸಿಕ್ಕಿತು. ಲ್ಯಾಬಿನ ವಿಳಾಸಕ್ಕೆ ಹಾಕಿದ್ದಿರಿ. ಇನ್ನು ಮುಂದೆ ರೂಮಿನ ವಿಳಾಸಕ್ಕೆ ಹಾಕಿ, ಕೊನೆಯಲ್ಲಿ ಬರೆದಿದ್ದೇನೆ. ಅತ್ತೆಯ ಮಂಡಿನೋವು ಹೇಗಿದೆ?

ಕರಿಬಸಮ್ಮ ದೊಡ್ಡಮ್ಮ ಹೇಳಿದ್ದು ನಿಜ. ಮೊದಲು ಕಿವಿಯ ಮೇಲೆ ಒಂದೇ ಕಡೆ ಇತ್ತು. ಈಗ ನೆತ್ತಿಯ ಹತ್ತಿರವೂ ಎರಡಾಗಿದೆ. ಅದಲ್ಲದೆ ಬಾಚಿದಾಗಲೂ ಗೊಂಚಲು ಗೊಂಚಲಾಗಿ ಬರುತ್ತದೆ. ವರಮಹಾಲಕ್ಷ್ಮಿ ಹಬ್ಬದ ಬೆಳಗ್ಗೆ ದಿಂಬಿನ ಮೇಲೆ ಮೊದಲು ನೋಡಿದೆ.

ಆದರೆ ಹುಳ ಅಲ್ಲ ಮಾವ. ಚರ್ಮದ ಡಾಕ್ಟರಮ್ಮನಿಗೆ ತೋರಿಸಿದ್ದೇನೆ. ಅವರು ಹೇಳುವ ಮೊದಲೇ ನಾನು ಆ ಜಾಗ ಕೆರೆದು ಸ್ಲೈಡಿಗೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದ್ದೆ. ಹುಳವೂ ಇಲ್ಲ, ಬೂಷ್ಟೂ ಇಲ್ಲ. ಡಾಕ್ಟರಮ್ಮ ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಒಂದೊಂದು ಕೂದಲಿನ ಬುಡಕ್ಕೂ ಸಣ್ಣ ಸಣ್ಣ ನರಗಳು ಬಳ್ಳಿ ಸುತ್ತಿದ ಹಾಗೆ ಸುತ್ತಿಕೊಂಡಿರುತ್ತವೆ. ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದರೆ ಆ ನರಗಳ ತುದಿಯಿಂದ ಒಂದು ಬಗೆಯ ವಸ್ತು ಹೊರಗೆ ಬರುತ್ತದೆ. ಅದನ್ನು ನ್ಯೂರೋಪೆಪ್ಟೈಡ್ ಅನ್ನುತ್ತಾರೆ. ಮಿತಿಯಲ್ಲಿದ್ದರೆ ಚರ್ಮಕ್ಕೆ ಅದು ಬೇಕಾದದ್ದೇ, ಗಾಯ ಮಾಯುವುದಕ್ಕೂ ಬೇಕು. ಮಿತಿ ಮೀರಿದರೆ ಮೈಯನ್ನು ಕಾಯುವ ಕಣಗಳೆಲ್ಲ ಕೂದಲಿನ ಬುಡದ ಸುತ್ತ ಬಂದು ಸೇರುತ್ತವೆ, ಬುಡವನ್ನೇ ಶತ್ರು ಎಂದುಕೊಳ್ಳುತ್ತವೆ. ಬೆಳೆಯುತ್ತಿದ್ದ ಕೂದಲು ಅಲ್ಲಿಗೆ ನಿಂತುಬಿಡುತ್ತದೆ. ಎಲ್ಲರಿಗೂ ಹೀಗಾಗಬೇಕೆಂದಿಲ್ಲ, ಇದೊಂದೇ ಕಾರಣ ಅಂತಲೂ ಹೇಳಲು ಬರುವುದಿಲ್ಲ ಎಂದರು.

"ಈಚೆಗೆ ಮನಸ್ಸಿಗೆ ನೋವಾಗುವಂಥದ್ದು ಏನಾದರೂ ನಡೆದಿತ್ತಾ?" ಎಂದು ಕೇಳಿದರು. ಕೆಲಸ ಜಾಸ್ತಿ ಇತ್ತು ಎಂದೆ.

ಬೋಳಿಸುವುದು ಬೇಡ. ಮದ್ದೂ ಕಳಿಸಬೇಡಿ. ನಾನು ಚೆನ್ನಾಗಿದ್ದೇನೆ.

ತೇಜಸ್ವಿನಿ


ಗುಂಡ್ಲುಪೇಟೆ
ಮಂಗಳವಾರ, 24-9-2024

ತೇಜಸ್ವಿನಿ,

ಲ್ಯಾಬಿಗೆ ನನ್ನ ಕಾಗದ ಬರುವುದೂ ನಾಚಿಕೆಯೇ? ಸರಿ. ರೂಮಿಗೇ ಹಾಕಿದ್ದೇನೆ, ಬಾಗಿಲು ಹಾಕಿಕೊಂಡು ಓದು.

ಕೂದಲಿಗೂ ನರಕ್ಕೂ ಏನು ಸಂಬಂಧ? ಐವತ್ತೊಂದು ವರ್ಷದಿಂದ ಕತ್ತರಿಸುತ್ತಿದ್ದೇನೆ. ನರ ಇದ್ದಿದ್ದರೆ ಗುಂಡ್ಲುಪೇಟೆಯಲ್ಲಿ ಒಬ್ಬನೂ ನನ್ನ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿರಲಿಲ್ಲ. ಊಟಿ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಬರುವ ಕೇರಳದ ಲಾರಿ ಡ್ರೈವರುಗಳು ಕತ್ತರಿ ಸದ್ದು ಕೇಳಿದ ತಕ್ಷಣ ಗೊರಕೆ ಹೊಡೆಯುತ್ತಾರೆ. ನಿಮ್ಮ ಡಾಕ್ಟರಮ್ಮನನ್ನು ಒಂದು ದಿನ ಅಂಗಡಿಗೆ ಕರಕೊಂಡು ಬಾ, ನೋಡಲಿ.

ಮನಸ್ಸಿಗೆ ಪೆಟ್ಟು ಅಂತ ಬರೆದಿದ್ದೀಯ. ಅದು ಯಾರಿಗೆ ಬರೆದದ್ದು ಅಂತ ನನಗೆ ಗೊತ್ತಾಗುವುದಿಲ್ಲವೇ? ನಾನು ಆವತ್ತು ಹಿಡಿದು ಜಗ್ಗಿದ್ದು ಜಡೆಯನ್ನು. ಜಡೆ ಇರುವುದು ಬೆನ್ನ ಮೇಲೆ. ನಿನಗೆ ಉದುರಿರುವುದು ಕಿವಿಯ ಮೇಲೆ ಅಂತ ಕರಿಬಸಮ್ಮನೂ ಹೇಳಿದಳು, ನೀನೂ ಬರೆದಿದ್ದೀಯ. ನಾನು ಜಗ್ಗಿದ್ದರಿಂದ ಉದುರಿದ್ದಾದರೆ ಹಿಂದಲೆಯಲ್ಲಿ ಉದುರಬೇಕಾಗಿತ್ತು. ಸುಮ್ಮನೆ ನನ್ನ ತಲೆಗೆ ಕಟ್ಟಬೇಡ.

ನೀನು ಬೇಡ ಅಂದರೂ ಮದ್ದು ಕಳಿಸಿದ್ದೇನೆ. ಬೆಳಗ್ಗೆ ಎಂಟೂವರೆ ಬಸ್ಸಿನ ಡ್ರೈವರು ನನ್ನ ಗಿರಾಕಿ, ಸ್ಟ್ಯಾಂಡಿನಲ್ಲಿ ಇಸಕೋ. ಗುಲಗಂಜಿ ಅರೆದದ್ದು ಇದೆ, ಇನ್ನೂ ಏನೇನೋ ಇದೆ, ಅದು ನಿನಗೆ ಬೇಡ. ಒರಟು ಬಟ್ಟೆಯಲ್ಲಿ ಕೆಂಪಾಗುವ ಹಾಗೆ ಉಜ್ಜಿ ಆಮೇಲೆ ಹಚ್ಚು. ಉರಿಯುತ್ತದೆ. ಉರಿದರೆ ಹುಳ ಸಾಯುತ್ತಿದೆ ಅಂತ ಅರ್ಥ. ಇಡೀ ದಿನ ಬಿಡು.

ನಿನ್ನ ಅತ್ತೆ ಗುರುಮಲ್ಲಮ್ಮ ಪಕ್ಕದಲ್ಲಿ ಕೂತು, "ಸ್ವಲ್ಪ ಮೆತ್ತುಗೆ ಬರೀರಿ, ಕಾಗ್ದ ಅರ್ದೋಗ್ತದೆ" ಅನ್ನುತ್ತಿದ್ದಾಳೆ. ಪೆನ್ನು ಒತ್ತಿ ಬರೆಯುವುದು ನನ್ನ ಅಭ್ಯಾಸ.

ಶಿವಮಲ್ಲು


ಚಾಮರಾಜನಗರ
14-10-2024

ಮಾವ,

ಉತ್ತರ ತಡವಾಯಿತು. ಒಂದು ವಾರ ಕೆಲಸಕ್ಕೆ ಹೋಗಿರಲಿಲ್ಲ.

ನಿಮ್ಮ ಮದ್ದು ಹಚ್ಚಿಕೊಂಡೆ. ನೀವು ಬರೆದ ಹಾಗೆಯೇ ಉಜ್ಜಿ ಹಚ್ಚಿದೆ. ಮಧ್ಯಾಹ್ನಕ್ಕೆ ತಡೆಯಲಾಗಲಿಲ್ಲ, ತೊಳೆದೆ. ಅಷ್ಟು ಹೊತ್ತಿಗೆ ಮೂರೂ ಕಡೆ ಬೊಬ್ಬೆ ಎದ್ದು ಒಡೆದಿತ್ತು. ಒಂದು ಕಣ್ಣು ಊದಿಕೊಂಡಿತು. ಡಾಕ್ಟರಮ್ಮ ಏನು ಹಚ್ಚಿದೆ ಎಂದು ಕೇಳಿದರು. ನಾನೇ ಅಂಗಡಿಯಿಂದ ತಂದದ್ದು ಎಂದೆ. "ಓದಿದೋಳು ನೀನು, ಲ್ಯಾಬಲ್ಲಿ ಕೆಲ್ಸ ಮಾಡ್ತೀಯ, ಬುದ್ಧಿ ಬೇಡ್ವಾ?" ಎಂದು ಎಲ್ಲರ ಮುಂದೆ ಬೈದರು. ಈಗ ಗಾಯ ಒಣಗಿದೆ. ನೀವು ಗಾಬರಿಯಾಗಬೇಡಿ.

ಹುಳ ಇಲ್ಲ ಎಂದು ಕಣ್ಣಾರೆ ನೋಡಿದವಳು ಯಾಕೆ ಹಚ್ಚಿದೆ ಎಂದು ನನ್ನನ್ನೇ ಕೇಳಿಕೊಂಡೆ. ಹುಳವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತ್ತು ಮಾವ. ಹುಳ ಬಿದ್ದರೆ ಅದರಲ್ಲಿ ಯಾರ ತಪ್ಪೂ ಇರುವುದಿಲ್ಲ.

ಜಡೆಯ ವಿಷಯ ನಾನು ಬರೆದಿರಲಿಲ್ಲ. ಬರೆದವರು ನೀವು. ನೀವು ಜಗ್ಗಿದ್ದರಿಂದ ಉದುರಿತು ಎಂದು ನಾನು ಯಾರಿಗೂ ಹೇಳಿಲ್ಲ, ನನಗೆ ಹಾಗೆ ಅನ್ನಿಸಿಯೂ ಇಲ್ಲ. ಕೂದಲಿಗೆ ಒಂದು ಸುತ್ತು ಇದೆಯಂತೆ. ಕೆಲವು ವರ್ಷ ಬೆಳೆಯುತ್ತದೆ, ನಿಲ್ಲುತ್ತದೆ, ವಿಶ್ರಾಂತಿ ತೆಗೆದುಕೊಳ್ಳುತ್ತದೆ, ಆಮೇಲೆ ಉದುರುತ್ತದೆ. ನಿಂತ ದಿನವೇ ಉದುರುವುದಿಲ್ಲ. ಬೆಳವಣಿಗೆ ನಿಂತ ಮೇಲೂ ಎರಡು ಮೂರು ತಿಂಗಳು ಸುಮ್ಮನೆ ತಲೆಯ ಮೇಲೆ ಇರುತ್ತದೆ. ನೋಡಿದವರಿಗೆ ಎಲ್ಲ ಸರಿಯಾಗಿದೆ ಎಂದೇ ಕಾಣುತ್ತದೆ. ಬಾಚಿದಾಗ ಬರುತ್ತಿರುವುದು ಅಂಥ ಕೂದಲು.

ಅದನ್ನು ಒಂದು ಸಣ್ಣ ಕವರಿನಲ್ಲಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಅಂಗಡಿಯ ಭೂತಕನ್ನಡಿಯಲ್ಲಿ ನೀವೇ ನೋಡಿ. ನನ್ನ ಮಾತು ಬೇಡ, ಡಾಕ್ಟರ ಮಾತೂ ಬೇಡ. ಹುಳ ಕಂಡರೆ ಹೇಳಿ.

ಇನ್ನೊಂದು ವಿಷಯ. ಮೈಸೂರಿನ ಒಂದು ಲ್ಯಾಬಿನಲ್ಲಿ ಕೆಲಸ ಕೇಳಿದ್ದೇನೆ. ಅಲ್ಲಿ ನನ್ನನ್ನು ಬಲ್ಲವರು ಯಾರೂ ಇಲ್ಲ. ಸಿಕ್ಕಿದರೆ ಹೋಗುತ್ತೇನೆ. ಅಲ್ಲಿಂದ ಊರಿಗೆ ಬರುವುದು ಕಡಿಮೆಯಾಗಬಹುದು, ಕಾಗದವೂ ಅಷ್ಟೇ.

ಒಂದು ಕೇಳಬೇಕು ಎಂದು ಜೂನ್ ತಿಂಗಳಿಂದ ಅಂದುಕೊಳ್ಳುತ್ತಿದ್ದೇನೆ. ಆವತ್ತು ನನ್ನ ಜೊತೆ ಕೆಲಸ ಮಾಡುವ ಶಾಂತಿ ನನ್ನನ್ನು ಕೇಳಿದಾಗ ನಾನು ಅವಳಿಗೆ ಹೇಳಿದ್ದು ನಿಮಗೆ ಕೇಳಿಸಿತ್ತಾ? ಅಥವಾ ನೀವು ಬೇರೆ ಯಾವುದಕ್ಕೋ ಕೋಪ ಮಾಡಿಕೊಂಡಿರಾ?

ತೇಜಸ್ವಿನಿ


ಗುಂಡ್ಲುಪೇಟೆ
ಮಂಗಳವಾರ, 22-10-2024

ತೇಜಮ್ಮ,

ಕೇಳಿಸಿತ್ತು.

ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮದ್ದಿನ ವಿಷಯ. ಅದು ಸುಡುತ್ತದೆ ಅಂತ ನನಗೆ ಗೊತ್ತಿತ್ತು. ನಾಲ್ಕು ವರ್ಷದ ಕೆಳಗೆ ನಮ್ಮ ಬೀದಿಯ ದೊಡ್ಡಬೀರಯ್ಯನಿಗೆ ತಿಕ್ಕಿದ್ದೆ. ಅವನ ತಲೆ ಹುಣ್ಣಾಗಿ ಇಪ್ಪತ್ತು ದಿನ ಟೋಪಿ ಹಾಕಿಕೊಂಡು ಓಡಾಡಿದ. "ನಾನು ಹೇಳಿದ್ದಕ್ಕಿಂತ ಜಾಸ್ತಿ ಹೊತ್ತು ಬುಟ್ಕಂಡಿದ್ದೀಯ ಕಣ್ಲಾ" ಅಂತ ಅವನ ಮೇಲೆಯೇ ಹಾಕಿದೆ. ಅವನು ಪಾಪ ನಂಬಿದ. ನನಗೆ ನಂಬಿಕೆ ಇರಲಿಲ್ಲ. ಆದರೂ ನಿನಗೆ ಕಳಿಸಿದೆ, ಇಡೀ ದಿನ ಬಿಡು ಅಂತ ಬರೆದೆ. ಸೋತೆ ಅನ್ನಿಸಿಕೊಳ್ಳಬಾರದು ಅನ್ನುವ ಹಟಕ್ಕೆ ನಿನ್ನ ತಲೆ ಸುಟ್ಟೆ. ಡಾಕ್ಟರಮ್ಮನ ಹತ್ತಿರ ಬೈಸಿಕೊಳ್ಳಬೇಕಾದವನು ನಾನು, ಬೈಸಿಕೊಂಡವಳು ನೀನು. ಉಳಿದ ಮದ್ದನ್ನು ನಿನ್ನೆ ಮೋರಿಗೆ ಸುರಿದೆ.

ನಿನ್ನ ಕವರನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಲ್ಲಿ ನೋಡಿದೆ. ಹುಳ ಇಲ್ಲ. ಬುಡದಲ್ಲಿ ಬೆಂಕಿಕಡ್ಡಿಯ ತಲೆಯ ಹಾಗೆ ಸಣ್ಣ ಬಿಳಿ ಗಂಟು ಇದೆ, ಅಷ್ಟೆ.

ಅಲ್ಲಿಗೆ ಎತ್ತಿಡಬೇಕಾಗಿತ್ತು. ಆದರೆ ಕೂದಲು ಕೈಗೆ ಬಂದರೆ ನನ್ನ ಕಣ್ಣು ಸುಮ್ಮನಿರುವುದಿಲ್ಲ. ಬಿಸಿಲಿಗೆ ಹಿಡಿದರೆ ಕೂದಲು ಉದ್ದಕ್ಕೂ ಕೆಂಪು, ಬುಡದಲ್ಲಿ ಮಾತ್ರ ಕಪ್ಪು. ಯುಗಾದಿಗೆ ಬಂದಿದ್ದಾಗ ನಿನ್ನ ಅತ್ತೆ ಹಿತ್ತಲಲ್ಲಿ ಕೂರಿಸಿ ತಲೆಗೆ ಮೆಹಂದಿ ಹಾಕಿದ್ದಳಲ್ಲ, ಆ ಕೆಂಪು. ಅದಾದ ಮೇಲೆ ಬೆಳೆದದ್ದು ಆ ಕಪ್ಪು. ಕೂದಲು ತಿಂಗಳಿಗೆ ಅರ್ಧ ಇಂಚು ಬೆಳೆಯುತ್ತದೆ. ಇದನ್ನು ನನಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿಲ್ಲ. ತಲೆಗೆ ಬಣ್ಣ ಹಚ್ಚಿಸಿಕೊಳ್ಳುವವರಿಗೆ "ನೀವು ಬಂದು ಇಷ್ಟು ದಿನ ಆಯ್ತು" ಅಂತ ಬುಡ ನೋಡಿಯೇ ಹೇಳುತ್ತೇನೆ, ಒಂದು ವಾರ ಹೆಚ್ಚು ಕಡಿಮೆ ಆಗುವುದಿಲ್ಲ.

ನಿನ್ನ ಅತ್ತೆಯ ಹೊಲಿಗೆ ಟೇಪು ತಂದು ಅಳೆದೆ. ಹನ್ನೊಂದು ಕೂದಲು ಅಳೆದೆ. ಎಲ್ಲದರಲ್ಲೂ ಕಪ್ಪು ಒಂದು ಇಂಚು. ಯುಗಾದಿಯಿಂದ ಎರಡು ತಿಂಗಳು ಬೆಳೆದು ನಿಂತಿದೆ. ಯುಗಾದಿ ಏಪ್ರಿಲ್ ಒಂಬತ್ತು. ನಾನು ನಿನ್ನ ಲ್ಯಾಬಿಗೆ ಬಂದದ್ದು ಜೂನ್ ಹತ್ತು, ಸೋಮವಾರ.

ಮತ್ತೆ ಅಳೆದೆ. "ಏನ್ರೀ ಅದು, ಕೂದ್ಲಿಗೆ ಬಟ್ಟೆ ಒಲಿಯಕ್ ಕೂತಿದ್ದೀರಾ?" ಅಂತ ನಿನ್ನ ಅತ್ತೆ ನಕ್ಕಳು. ನನ್ನ ಮುಖ ನೋಡಿ ಆಮೇಲೆ ನಗಲಿಲ್ಲ.

ಆವತ್ತು ಹರದನಹಳ್ಳಿಯಲ್ಲಿ ಒಂದು ಮಗುವಿನ ಮುಡಿ ತೆಗೆದು, ಅವರು ಕೊಟ್ಟ ಕಜ್ಜಾಯ ಕಟ್ಟಿಸಿಕೊಂಡು, ಹೇಗಿದ್ದರೂ ಹತ್ತಿರ ಬಂದಿದ್ದೇನಲ್ಲ ಅಂತ ನಿನ್ನ ಹತ್ತಿರ ಬಂದೆ. ಅಂಗಿಯ ಮೇಲೆಲ್ಲ ಮಗುವಿನ ಕೂದಲು. ಕೈಯಲ್ಲಿ ಕತ್ತಿ ಕತ್ತರಿಯ ಪೆಟ್ಟಿಗೆ. ರಕ್ತ ಪರೀಕ್ಷೆಗೆ ಬಂದವರು ಬೆಂಚಿನ ತುಂಬ ಕೂತಿದ್ದರು. "ಯಾರೇ ಅದು?" ಅಂತ ಆ ಹುಡುಗಿ ಶಾಂತಿ ಕೇಳಿದಳು. "ಯಾರೋ ಊರ ಕಡೆಯೋರು, ಗುರ್ತಿನೋರು" ಅಂದೆ ನೀನು. ಮೆತ್ತಗೆ ಅಂದೆ. ಕತ್ತರಿಯ ಸದ್ದಿನ ನಡುವೆ ಗಿರಾಕಿ ಗೊಣಗಿದ್ದನ್ನು ಕೇಳಿಸಿಕೊಳ್ಳುವ ಕಿವಿ ನನ್ನದು.

ಆಮೇಲೆ ನಾನು ಮಾಡಿದ್ದನ್ನು ಇಷ್ಟು ದಿನ ಎರಡು ಮಾತು ಜೋರಾಗಿ ಆಡಿದೆ ಅಂತ ಹೇಳಿಕೊಂಡು ತಿರುಗಿದೆ. ನಿನ್ನ ಅತ್ತೆಗೂ ಅಷ್ಟೇ ಹೇಳಿದ್ದೆ. ಇವತ್ತು ಪೂರ್ತಿ ಹೇಳಿದೆ. ಆವತ್ತು ಲ್ಯಾಬಿನಲ್ಲಿ, "ಗುರ್ತಿನೋನಾ? ನಿನ್ ಮೊದ್ಲ ಕೂದ್ಲು ತಗ್ದೋನು ಕಣಮ್ಮಿ ನಾನು! ನಿನ್ ಸ್ವಾದರಮಾವ! ಈ ಪೆಟ್ಗೆ ಅನ್ನ ತಿಂದೇ ಬೆಳ್ದೋಳು ನೀನು!" ಅಂತ ಅರಚಿ, ಪೆಟ್ಟಿಗೆ ತೆಗೆದು ಮೇಜಿನ ಮೇಲೆ ಸುರಿದು, ಜಡೆ ಹಿಡಿದು ಜಗ್ಗಿ ನಿನ್ನ ಮುಖವನ್ನು ಆ ಬೆಂಚಿನ ಕಡೆಗೆ ತಿರುಗಿಸಿದೆ. ಹೇಳು, ಇವರಿಗೆಲ್ಲ ಹೇಳು ಅಂದೆ. ನೀನು ಅಳಲಿಲ್ಲ. ನನ್ನ ಕತ್ತರಿಗಳನ್ನು ಒಂದೊಂದಾಗಿ ಎತ್ತಿ ಪೆಟ್ಟಿಗೆಗೆ ಇಟ್ಟು ಮುಚ್ಚಳ ಹಾಕಿ ಕೊಟ್ಟೆ. ನಾನು ಗೆದ್ದವನ ಹಾಗೆ ಹೊರಟು ಬಂದೆ.

ಇಷ್ಟನ್ನು ನಿನ್ನ ಅತ್ತೆಗೆ ಹೇಳಿದ ಮೇಲೆ ಅವಳು ಒಂದೇ ಮಾತು ಕೇಳಿದಳು. "ಕಾಲೇಜ್ ಫಾರಂ ಗ್ಯಾಪ್ಕ ಇದ್ದದಾ ನಿಮ್ಗೆ?"

ನಾನು ಮರೆತಿರಲಿಲ್ಲ. ನಿನ್ನನ್ನು ಪಿಯುಸಿಗೆ ಸೇರಿಸುವ ದಿನ ಆಫೀಸಿನ ಕಿಟಕಿಯ ಮುಂದೆ ನಿಂತಿದ್ದೆವು. ಪೋಷಕರ ಉದ್ಯೋಗ ಅನ್ನುವ ಜಾಗಕ್ಕೆ ಬಂದು ನೀನು ಕ್ಷೌರ ಅಂತ ಬರೆಯಲು ಹೊರಟಿದ್ದೆ, ಮೊದಲ ಅಕ್ಷರ ಬರೆದೂ ಬಿಟ್ಟಿದ್ದೆ. ನಾನು ಕೈ ಹಿಡಿದೆ. "ಅದ್ನ ಒಡ್ದಾಕು, ವ್ಯವಸಾಯ ಅಂತ ಬರಿ" ಅಂದೆ. ನನಗೆ ಒಂದು ಗುಂಟೆ ಜಮೀನೂ ಇಲ್ಲ. ನೀನು ನನ್ನ ಮುಖ ನೋಡಿದೆ. ನಾನು ಬೇರೆ ಕಡೆ ತಿರುಗಿಕೊಂಡೆ. ಹಿಂದೆ ಸಾಲಿನಲ್ಲಿ ನನ್ನ ಗಿರಾಕಿಯೊಬ್ಬ ನಿಂತಿದ್ದ, ಅವನು ನೋಡಿ ನಕ್ಕ. ಕಸುಬನ್ನು ಬಾಯಿಬಿಟ್ಟು ಹೇಳಬಾರದು ಅಂತ ನಿನಗೆ ಕಲಿಸಿದವನು ನಾನು. ಕಲಿತದ್ದನ್ನು ನೀನು ಒಪ್ಪಿಸಿದ ದಿನ ಜಡೆ ಹಿಡಿದೆ. ಎರಡು ಕಾಗದದಲ್ಲಿ ನೀನು ಇದನ್ನು ಎತ್ತಲಿಲ್ಲ. ಎತ್ತಿದ್ದರೆ ಬೈಯಲಿಕ್ಕಾದರೂ ನನಗೆ ಒಂದು ದಾರಿ ಇರುತ್ತಿತ್ತು.

ನರದ ವಿಷಯ ತಮಾಷೆ ಮಾಡಿ ಬರೆದಿದ್ದೆ. ಮೊದಲ ಸಲ ಕುರ್ಚಿಗೆ ಹತ್ತಿಸಿದ ಮಗುವಿನ ಕುತ್ತಿಗೆಗೆ ಕತ್ತಿ ತಾಗುವ ಮೊದಲೇ ಅಲ್ಲಿಯ ಸಣ್ಣ ಕೂದಲೆಲ್ಲ ನಿಂತುಕೊಳ್ಳುತ್ತದೆ. ಸಾವಿರ ಸಲ ನೋಡಿದ್ದೇನೆ. ಕೂದಲಿಗೆ ಹೆದರಿಕೆ ಗೊತ್ತಾಗುತ್ತದೆ ಅಂತ ನನ್ನ ಕೈಗೆ ಮೊದಲಿಂದಲೂ ಗೊತ್ತು. ನಿಮ್ಮ ಡಾಕ್ಟರಮ್ಮ ಇಟ್ಟ ಹೆಸರು ಗೊತ್ತಿರಲಿಲ್ಲ, ಅಷ್ಟೆ.

ಮೈಸೂರಿಗೆ ಹೋಗಬೇಡ ಅನ್ನಲು ನನಗೆ ಬಾಯಿಲ್ಲ.

ಶಿವಮಲ್ಲು


ಚಾಮರಾಜನಗರ
6-11-2024

ಮಾವ,

ನಿಮ್ಮ ಕಾಗದ ಬಂದು ಹನ್ನೆರಡು ದಿನವಾಯಿತು. ನಾಲ್ಕು ಸಲ ಉತ್ತರ ಬರೆದು ಹರಿದೆ. ಫಾರಂ ವಿಷಯ ನನಗೂ ನೆನಪಿತ್ತು. ಲ್ಯಾಬಿಗೆ ಸೇರಿದಾಗ ಮನೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿದರು, ಅರಿಶಿನ ಬೆಳೆಯುತ್ತಾರೆ ಎಂದೆ. ಯಾರೂ ಅರಿಶಿನವನ್ನು ಕೇಳಿರಲಿಲ್ಲ. ಅದು ನಾನೇ ಸೇರಿಸಿದ್ದು. ಎಲ್ಲವನ್ನೂ ನಿಮ್ಮ ಮೇಲೆ ಹಾಕಿಕೊಳ್ಳಬೇಡಿ.

ಜೂನ್ ಆದ ಮೇಲೆ ಇಲ್ಲಿ ಏನೇನಾಯಿತು ಎಂದು ನಿಮಗೆ ಬರೆದಿರಲಿಲ್ಲ. ದೊಡ್ಡದೇನಿಲ್ಲ. ರಿಪೋರ್ಟ್ ಟೈಪು ಮಾಡುವವನೊಬ್ಬ, "ನಂಗೂ ಒಂದ್ ಕಟಿಂಗ್ ಮಾಡ್ಬುಡಮ್ಮ, ಮನೇಲೇ ಕಲ್ತಿರ್ತೀಯ" ಎನ್ನುತ್ತಿದ್ದ. ಉಳಿದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ರೂಮಿಗೆ ಬಂದ ಮೇಲೆ ನನಗೆ ಅಳು ಬರುತ್ತಿದ್ದದ್ದು ಅವನ ಮಾತಿಗಲ್ಲ, ನನ್ನ ನಗುವಿಗೆ.

ನೀವು ಹೇಳದ ಒಂದು ವಿಷಯ ನನಗೆ ಗೊತ್ತು. ಅಕ್ಟೋಬರ್ ಇಪ್ಪತ್ತೊಂಬತ್ತು, ಮಂಗಳವಾರ, ನೀವು ಇಲ್ಲಿಗೆ ಬಂದಿದ್ದಿರಿ. ಲ್ಯಾಬಿನ ಎದುರು ಎಳನೀರು ಗಾಡಿಯ ಪಕ್ಕ ತಲೆಗೆ ಟವಲು ಸುತ್ತಿಕೊಂಡು ನಿಂತಿದ್ದಿರಿ. ಟವಲು ಸುತ್ತಿಕೊಂಡರೆ ನಿಮ್ಮನ್ನು ಗುರುತು ಹಿಡಿಯುವುದಿಲ್ಲ ಎಂದುಕೊಂಡಿರಾ? ನಾನು ಮಹಡಿಯ ಕಿಟಕಿಯಲ್ಲಿದ್ದೆ. ನೀವು ರಸ್ತೆ ದಾಟಲು ಎರಡು ಸಲ ಹೆಜ್ಜೆ ಇಟ್ಟಿರಿ, ಎರಡು ಸಲವೂ ಹಿಂದಕ್ಕೆ ಹೋದಿರಿ. ನನ್ನ ಕಾಲೂ ಮೆಟ್ಟಿಲಿನ ಕಡೆಗೆ ಹೋಗಲಿಲ್ಲ ಮಾವ. ಸುಳ್ಳು ಹೇಳುವುದಿಲ್ಲ. ನೀವು ಒಳಗೆ ಬರದಿದ್ದರೆ ಸಾಕು ಎಂದು ಮೊದಲು ಅನ್ನಿಸಿತು.

ಶಾಂತಿ ಬಂದು ಪಕ್ಕದಲ್ಲಿ ನಿಂತಳು. "ಆವಾಗಿಂದ ನೋಡ್ತಾ ಇದ್ದೀನಿ, ಯಾರೇ ಅವ್ರು, ಆವತ್ತು ಬಂದಿದ್ರಲ್ಲ ಅವ್ರಲ್ವ?" ಎಂದಳು. ಟೈಪು ಮಾಡುವವನೂ ಅಲ್ಲೇ ಇದ್ದ.

"ನಮ್ಮ ಸೋದರಮಾವ. ಗುಂಡ್ಲುಪೇಟೆಲಿ ಕ್ಷೌರದ ಅಂಗಡಿ ಇಟ್ಟವ್ರೆ. ನನ್ನ ಸಾಕಿದವ್ರು ಅವ್ರೇ" ಎಂದೆ. ಮೂರು ಮಾತು. ಇಷ್ಟು ಚಿಕ್ಕದಾ ಅನ್ನಿಸಿತು.

"ಮತ್ತೆ ಇಲ್ಲೇನ್ ನೋಡ್ತಾ ನಿಂತಿದ್ದೀಯೇ, ಓಗೇ ಮಾರಾಯ್ತಿ" ಎಂದು ಶಾಂತಿ ಬೆನ್ನಿಗೆ ಗುದ್ದಿದಳು. ಟೈಪಿನವನು ತಲೆ ಎತ್ತಲಿಲ್ಲ. ಗ್ಲೌಸು ಬಿಚ್ಚದೆ ಇಳಿದು ಬಂದೆ. ನೀವು ಇರಲಿಲ್ಲ. ಎಳನೀರಿನವನು, "ಒಂದ್ ಗಂಟೆ ನಿಂತಿದ್ರು ಕಣಕ್ಕ, ಈಗ ಬಸ್ ಸ್ಟ್ಯಾಂಡ್ ಕಡೆ ಓದ್ರು" ಎಂದ. ಸ್ಟ್ಯಾಂಡಿನವರೆಗೂ ಓಡಿದೆ. ಗುಂಡ್ಲುಪೇಟೆ ಬಸ್ಸು ಹೊರಟುಹೋಗಿತ್ತು.

ಡಾಕ್ಟರಮ್ಮ ಆ ಜಾಗಗಳಿಗೆ ತಿಂಗಳಿಗೊಂದು ಸಲ ಸಣ್ಣ ಸೂಜಿಯಲ್ಲಿ ಔಷಧಿ ಕೊಡುತ್ತಿದ್ದಾರೆ. ಕಿವಿಯ ಮೇಲೆ ಬೆಳ್ಳಗೆ ನವಿರು ಬಂದಿದೆ. ನಿಲ್ಲುತ್ತದೋ ಮತ್ತೆ ಉದುರುತ್ತದೋ ಈಗಲೇ ಹೇಳಲಾಗದು ಎಂದಿದ್ದಾರೆ. ನೆತ್ತಿಯ ಮೇಲೆ ಇನ್ನೂ ಏನೂ ಇಲ್ಲ. ಸತ್ಯ ಹೇಳಿಬಿಟ್ಟರೆ ಕೂದಲು ಬರುತ್ತದೆ ಎಂದೇನೂ ಇಲ್ಲವಲ್ಲ.

ಉಳಿದದ್ದು ಒಂದೊಂದು ಕಡೆ ಒಂದೊಂದು ಉದ್ದ, ವೇಲು ಕಟ್ಟಿದರೂ ಮುಚ್ಚುವುದಿಲ್ಲ. ಎಲ್ಲವನ್ನೂ ಗಿಡ್ಡ ಮಾಡಿಸಬೇಕು. ಬ್ಯೂಟಿ ಪಾರ್ಲರಿನವರ ಮುಂದೆ ವೇಲು ತೆಗೆಯಲು ನನಗಾಗುವುದಿಲ್ಲ. ನಿಮ್ಮ ಮುಂದೆ ತೆಗೆಯಬಲ್ಲೆನೋ ಇಲ್ಲವೋ ಅದೂ ಗೊತ್ತಿಲ್ಲ. ಬಂದು ನೋಡಿ. ಲ್ಯಾಬಿನ ಹಿಂದೆ ಜಗುಲಿ ಇದೆ, ಮಧ್ಯಾಹ್ನ ಅಲ್ಲಿ ಎಲ್ಲರೂ ಊಟಕ್ಕೆ ಕೂರುತ್ತಾರೆ.

ಮೈಸೂರಿನವರು ಕರೆದಿದ್ದಾರೆ. ಇಪ್ಪತ್ತನೇ ತಾರೀಕಿನೊಳಗೆ ಹೇಳಬೇಕು. ಇನ್ನೂ ಹೇಳಿಲ್ಲ.

ತೇಜು


ಗುಂಡ್ಲುಪೇಟೆ
ಮಂಗಳವಾರ, 12-11-2024

ತೇಜು,

ಆವತ್ತು ಬಸ್ಸು ಸ್ಟ್ಯಾಂಡು ಬಿಟ್ಟು ಹೊರಡುವಾಗ ಕಿಟಕಿಯ ಪಕ್ಕ ಕೂತಿದ್ದೆ. ನೀನು ಗ್ಲೌಸು ಹಾಕಿಕೊಂಡು ಸ್ಟ್ಯಾಂಡಿನೊಳಗೆ ಓಡಿ ಬಂದದ್ದನ್ನು ನೋಡಿದೆ. ನಿಲ್ಲಿಸಿ ಅನ್ನಬೇಕಾಗಿತ್ತು. ಊರಿಗೆಲ್ಲ ಕೇಳುವ ಹಾಗೆ ಅರಚುವವನು ಆವತ್ತು ಅಷ್ಟನ್ನೂ ಅನ್ನಲಿಲ್ಲ. ಬೈಯಲು ಬರುತ್ತಿದ್ದೀಯ ಅಂತ ಅಂದುಕೊಂಡೆ. ಬೈಯಿಸಿಕೊಳ್ಳಲಿಕ್ಕೇ ಅಂತ ಹೊರಟವನು ಬೈಗುಳಕ್ಕೆ ಹೆದರಿ ತಲೆ ಬಗ್ಗಿಸಿ ಕೂತೆ. ನಿನ್ನ ಕಾಗದ ಬರುವವರೆಗೂ ಈ ವಿಷಯ ನಿನ್ನ ಅತ್ತೆಗೂ ಹೇಳಿರಲಿಲ್ಲ.

ಮೈಸೂರಿಗೆ ಹೋಗುವುದಾದರೆ ಹೋಗು. ನನಗಾಗಿ ಉಳಿಯಬೇಡ, ನನ್ನಿಂದ ತಪ್ಪಿಸಿಕೊಳ್ಳಲೂ ಹೋಗಬೇಡ. ಆ ಕೆಲಸ ಒಳ್ಳೆಯದಾದರೆ ಹೋಗು.

ಹತ್ತೊಂಬತ್ತನೇ ತಾರೀಕು ಬರುತ್ತೇನೆ. ಮಂಗಳವಾರ ಯಾರ ತಲೆಯನ್ನೂ ಮುಟ್ಟದವನು ನಾನು, ಆ ನೇಮ ಆವತ್ತು ಮುರಿಯುತ್ತೇನೆ. ಕತ್ತಿ ತರುವುದಿಲ್ಲ, ಕತ್ತರಿ ಮಾತ್ರ. ಹೊಸದಾಗಿ ಸಾಣೆ ಹಿಡಿಸಿದ್ದೇನೆ. ನನ್ನ ಕೈ ಈಗೀಗ ಸ್ವಲ್ಪ ನಡುಗುತ್ತದೆ, ಗಿರಾಕಿಗಳಿಗೆ ತಿಳಿಯದ ಹಾಗೆ ನಡೆಸಿಕೊಂಡು ಹೋಗುತ್ತಿದ್ದೇನೆ. ನಿನಗೆ ಹೇಳಿಯೇ ಮುಟ್ಟಬೇಕು ಅಂತ ಬರೆದೆ. ಬೇಡ ಅನ್ನಿಸಿದರೆ ಆವತ್ತೇ ಬೇಡ ಅನ್ನು, ಕಜ್ಜಾಯ ಕೊಟ್ಟು ಬರುತ್ತೇನೆ. ಅತ್ತೆ ನಿನ್ನೆಯೇ ಅಕ್ಕಿ ನೆನೆಹಾಕುತ್ತೇನೆ ಅಂದಳು, ಇನ್ನೂ ಒಂದು ವಾರ ಇದೆ ಅಂತ ನಾನು ತಡೆದಿದ್ದೇನೆ.

ಊಟದ ಹೊತ್ತಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತೇನೆ. ನೀನು ಕರೆದರೆ ಒಳಗೆ ಬರುತ್ತೇನೆ. ಜಗುಲಿಯಲ್ಲಿ ಕೂತವರು ಯಾರು ಅಂತ ಕೇಳಿದರೆ ನೀನೇ ಹೇಳು. ಆವತ್ತು ನಿನಗೆ ಏನು ಹೇಳಲು ಬಾಯಿ ಬರುತ್ತದೋ ಅದನ್ನು ಹೇಳು. ಏನು ಹೇಳಿದರೂ ಈ ಸಲ ನಾನು ಬಾಯಿ ಬಿಡುವುದಿಲ್ಲ.

ನಿನ್ನ ಮಾವ
ಶಿವಮಲ್ಲು